ಸರ್ವಸಮ

ಒಂಬತ್ತನೇ ಬಿ. ಮೂವತ್ತೊಂದು ಮಕ್ಕಳು,
ಐದಾರು ಬಿದಿರು ಗೂಟ, ಅರ್ಧ ಚೀಲ ಸುಣ್ಣ,
ಹೆಡ್‌ಮಾಸ್ಟರರ ಒಲ್ಲದ ಮನಸ್ಸಿನ ಒಪ್ಪಿಗೆ.
ಫೆಬ್ರುವರಿ. ಶಾಲೆಯ ಹಿಂದೆ ಶರಾವತಿಯ ಹಿನ್ನೀರು
ಒಂದಿಷ್ಟು ಕೆಂಪು ಮಣ್ಣು ಬಿಟ್ಟುಕೊಟ್ಟು ಸರಿದಿತ್ತು.
ನಾನು ಜಗಳೂರಿನವಳು; ಇಷ್ಟು ನೀರು ಒಟ್ಟಿಗೆ ಕಂಡರೆ
ಈಗಲೂ ಒಂದು ಕ್ಷಣ ಲೆಕ್ಕ ತಪ್ಪುತ್ತದೆ.

ನೀರೊಳಗೆ ನಿಂತ ಒಣ ಮರ, ಬರೀ ಬೊಡ್ಡೆ,
ಮೇಲೆ ರೆಕ್ಕೆ ಹರವಿ ಕೂತ ನೀರುಕಾಗೆ.
"ಈಜಬಾರದು, ದೋಣಿ ಹತ್ತಬಾರದು.
ಆ ಮರ ಎಷ್ಟು ದೂರ, ಹೇಳಿ."
"ಲಾಂಚಿನವರನ್ನ ಕೇಳಿದ್ರಾಯ್ತಲ್ಲ ಮಿಸ್," ಎಂದ ಲೋಹಿತ.

ಮರಕ್ಕೆ ನೇರ ಎದುರು ಒಂದು ಗೂಟ.
ದಡದುದ್ದ ಇಪ್ಪತ್ತು ಹೆಜ್ಜೆ, ಇನ್ನೊಂದು.
ಮತ್ತೆ ಇಪ್ಪತ್ತು, ಮೂರನೆಯದು.
ಅಲ್ಲಿಂದ ನೀರಿಗೆ ಬೆನ್ನು ಮಾಡಿ ಲಂಬವಾಗಿ ನಡೆಯಿರಿ,
ಆಗಾಗ ತಿರುಗಿ ನೋಡಿ,
ನಡುವಿನ ಗೂಟ ಮರವನ್ನು ಮರೆಮಾಡಿದಾಗ ನಿಲ್ಲಿ.

ನಿಂತವಳು ಸುಗಂಧಿ. ಎಪ್ಪತ್ತೆರಡು ಹೆಜ್ಜೆ.
ಸಫೂರಾ ಒಂದೇ ಉಸಿರಿಗೆ ಕಾರಣ ಕೊಟ್ಟಳು:
ಶೃಂಗಾಭಿಮುಖ ಕೋನ, ಲಂಬಕೋನ, ನಡುವೆ ಸಮ ಬಾಹು,
ಎರಡೂ ತ್ರಿಭುಜ ಸರ್ವಸಮ.
ನೀರಿನ ದೂರ ನೆಲಕ್ಕೆ ಬಂದಿತ್ತು
ಒಂದು ಪಾದವೂ ನೆನೆಯದೆ.
ಪಾಠ ಮುಗಿಯಿತು ಅಂದುಕೊಂಡೆ.

"ಮಿಸ್, ಹಂಗಾರೆ ನಾನೀಗ ಆ ಮರದ ಬುಡದಲ್ಲೇ ನಿಂತಂಗಾ?"
"ಅಳತೆಯ ಮಟ್ಟಿಗೆ, ಹೌದು."
"ಅದು ನಮ್ಮ ಮುತ್ತಜ್ಜಿ ಮನೆ ಹಲಸು.
ಮರದಿಂದ ಹದಿನೇಳು ಹೆಜ್ಜೆಗೆ ಬಾವಿ ಅಂತಾಳೆ, ದಿನಾ."

ಸುಣ್ಣದ ಚೀಲಕ್ಕೆ ಯಾರು ಮೊದಲು ಕೈ ಹಾಕಿದರೋ.
ಹಗ್ಗ ಹಿಡಿದು ಬಾವಿಗೆ ವೃತ್ತ ಎಳೆದರು,
ಕೊಟ್ಟಿಗೆಗೆ ಆಯತ, ಅಡುಗೆಮನೆಯ ಮೂಲೆಗೆ
ಮೂರು ನಾಲ್ಕು ಐದರ ಗಂಟು ಹಾಕಿದ ದಾರ.
ಅಲ್ಲಿ ಬಲಕ್ಕಿದ್ದದ್ದು ಇಲ್ಲಿ ಎಡಕ್ಕೆ,
ನೀರಿನತ್ತ ಅಂದದ್ದು ಗುಡ್ಡದತ್ತ, ಎಂದು ನಾನೇ ತಿದ್ದಿದೆ.
ಸುಗಂಧಿಗೆ ಆ ಮನೆಯೆಲ್ಲ ಬಾಯಿಪಾಠ,
ಪ್ರಮೇಯಗಳಷ್ಟೇ ಬಾರವು.
ಜಗಲಿ ಹೋಗಿ ವಾಲಿಬಾಲ್ ಅಂಕಣಕ್ಕೆ ನುಗ್ಗಿತು.
ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ.

ಮರುದಿನ ಮುತ್ತಜ್ಜಿಯನ್ನೇ ಕರೆತಂದಳು.
ಕನ್ನಮ್ಮ ಕೋಲೂರಿ ಗೆರೆಯ ಸುತ್ತ ಒಂದು ಸುತ್ತು ಬಂದರು
ತಪ್ಪು ಹುಡುಕುವ ಇನ್‌ಸ್ಪೆಕ್ಟರರ ಹಾಗೆ.
ಸಿಕ್ಕಿತು:
"ಬಾಗ್ಲು ಪಡುವಲಕ್ಕೆ ಯಾಕೆ ಮಾಡೀರಿ?
ನಮ್ದು ಮೂಡ್ಲು ಬಾಗ್ಲು."

ಹೌದು. ಒಂದು ಗೂಟದ ಸುತ್ತ
ಅರ್ಧ ತಿರುಗಿ ಬಂದ ಮನೆ ಇದು.
ನಿಯಮ ಸರಿ, ಚಿತ್ರ ಸರಿ,
ಸೂರ್ಯ ಮಾತ್ರ ಹಿತ್ತಲಲ್ಲಿ ಹುಟ್ಟುತ್ತಾನೆ.
ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ
ಸುಣ್ಣದ ಹೊಸಿಲಾಚೆ ಅವರು ಚಪ್ಪಲಿ ಬಿಟ್ಟರು,
ಕೋಲನ್ನು ಇಲ್ಲದ ಗೋಡೆಗೆ ಆನಿಸಹೋಗಿ
ಅದು ಬಿದ್ದದ್ದನ್ನು ನೋಡದೆ,
ತಲೆ ತಗ್ಗಿಸಿ ಒಳಗೆ ಹೋದರು.

ಯಾರೂ ನಗಲಿಲ್ಲ.
ಲೋಹಿತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ:
ಬಾಗಿಲಿನ ಎತ್ತರ,
ಅಂದಾಜು ನಾಲ್ಕೂಮುಕ್ಕಾಲು ಅಡಿ.