ಬೈತಕೋಲದ ಎರಡು ಕನ್ನಡಿ

ಪುರ್ಸು ಮ್ಹಾಲೆಯ ಕಟಿಂಗ್ ಶಾಪಿನಲ್ಲಿ
ಎದುರುಬದುರು ಎರಡು ಕನ್ನಡಿ.
ಒಂದು ಗೋಡೆಗೆ ಸಿಮೆಂಟು ಮೆತ್ತಿ ಕೂರಿಸಿದ್ದು.
ಇನ್ನೊಂದು, ಹೆದ್ದಾರಿಯ ಲಾರಿಗಳಿಗೆ
ಎರಡು ಸಲ ಸೀಳಿದ ಮೇಲೆ,
ಹಳೇ ಸೈಕಲ್ ಸೀಟಿನ ಸ್ಪ್ರಿಂಗಿಗೆ ತೂಗುಬಿಟ್ಟದ್ದು.
ಬಿಸಿಲಿಗೆ ಶಟರ್ ಮುಕ್ಕಾಲು ಇಳಿದಿದೆ.

ಅಕ್ಕನ ಮಗ ಶ್ರೀಪಾದ ಹಲಗೆಯ ಮೇಲೆ ಕೂತು
ತನ್ನ ತಲೆಗಳನ್ನು ಎಣಿಸುತ್ತಿದ್ದಾನೆ.
ಹನ್ನೊಂದರ ನಂತರ ಹಸಿರಾಗಿ ಮಸುಕಾಗುತ್ತವೆ,
ನೀರೊಳಗೆ ಮುಳುಗು ಹಾಕಿದವರ ಹಾಗೆ.

ನನ್ನ ಬಾಯಿ ಸುಮ್ಮನಿರಲಿಲ್ಲ.
ಪುರ್ಸು ಮಾಮ, ಲ್ಯಾಬಿನಲ್ಲಿ ನಾವು ಮಾಡುವುದೂ ಇದನ್ನೇ,
ನಿಮ್ಮ ಕತ್ತರಿಗೆ ಸಿಗದಷ್ಟು ಸಣ್ಣದಾಗಿ.
ಎರಡು ಕನ್ನಡಿಯ ನಡುವೆ ಬೆಳಕನ್ನು ಕೂಡಿಹಾಕುತ್ತೇವೆ.
ಅದು ಹೋಗಿ ಬಂದು, ಹೋಗಿ ಬಂದು
ತೂಗುವ ಕನ್ನಡಿಯನ್ನು ಒಂಚೂರು ನೂಕುತ್ತದೆ.
ನೂಕಿದರೆ ಜಾಗ ಬದಲಾಯಿತು,
ಜಾಗ ಬದಲಾದರೆ ಒಳಗೆ ಹಿಡಿಸುವ ಬೆಳಕೇ ಬದಲಾಯಿತು,
ಬೆಳಕು ಬದಲಾದರೆ ಮತ್ತೆ ನೂಕು...

"ಬೆಳಕಿಗೆ ಕೈ ಉಂಟಾ?"
ಕತ್ತರಿ ನಿಲ್ಲಿಸದೆ ಕೇಳಿದ.

ಉಂಟು. ಲೆಕ್ಕಕ್ಕೆ ಮಾತ್ರ ಸಿಗುವ ಕೈ.
ದುಪ್ಪಟ್ಟು ಬೆಳಕಿಗೆ ಕನ್ನಡಿ ದುಪ್ಪಟ್ಟು ಸರಿಯುವುದಿಲ್ಲ;
ಸರಿಯುತ್ತ ಸರಿಯುತ್ತ ಒಂದು ಕಡೆ ತಟ್ಟನೆ ಜಿಗಿಯುತ್ತದೆ.
ಬೆಳಕು ತಗ್ಗಿಸುತ್ತ ಬನ್ನಿ,
ಜಿಗಿದಲ್ಲೇ ಹಿಂದಕ್ಕೆ ಜಿಗಿಯುವುದಿಲ್ಲ.
ಅಷ್ಟೇ ಬೆಳಕು, ಎರಡು ನೆಲೆ.
ಯಾವುದರಲ್ಲಿ ನಿಂತಿದೆ ಎಂಬುದು
ಎಲ್ಲಿಂದ ಬಂತು ಎಂಬುದರ ಮೇಲೆ.

"ಅಳಿವೆಯಲ್ಲೂ ಹಾಗೇ," ಅಂದ.
"ಕಾಳಿ ಸೇತುವೆಯ ಕಂಬದಲ್ಲಿ ನೀರು ಅದೇ ಗೆರೆಗೆ ಇರ್ತದೆ,
ಭರ್ತಿಗೂ ಸುಕ್ತಿಗೂ.
ಗೆರೆಯೊಂದನ್ನೇ ನೋಡಿ ದೋಣಿ ಬಿಟ್ಟವ
ಕೋಡಿಬಾಗ ಮುಟ್ಟೂದಿಲ್ಲ."

ನನ್ನ ಅರ್ಧ ಗಂಟೆಯ ಪಾಠ ಅಲ್ಲಿಗೆ ಮುಗಿಯಿತು.

ಆಗ ಕರೆಂಟು ಹೋಯಿತು.
ಒಂದು ಬದಿಯಷ್ಟೇ ಕತ್ತರಿಸಿಕೊಂಡ ಶ್ರೀಪಾದ
ತಲೆಗಳೆಲ್ಲ ಒಮ್ಮೆಲೇ ಕಾಣೆಯಾದದ್ದಕ್ಕೆ
ಕಿಟಾರನೆ ಕಿರುಚಿ ಅತ್ತ.
ಬಂತು ಕರೆಂಟು. ಅದೇ ಟ್ಯೂಬ್‌ಲೈಟು.
ಅಳು ನಿಲ್ಲಲಿಲ್ಲ.
ಈಗ ಹನ್ನೊಂದೂ ಅಳುತ್ತಿವೆ.

ಪುರ್ಸು ನನ್ನ ಕಡೆ ನೋಡಿದ,
ಏನೂ ಹೇಳಲಿಲ್ಲ.
ಬಾಚಣಿಗೆ ಜೇಬಿಗೆ ಸಿಕ್ಕಿಸಿ
ಹೋಗಿ ಶಟರ್ ಪೂರಾ ಎತ್ತಿದ:
ಬಂದರು, ಬಲೆ ಒಣಗುವ ಮರಳು,
ನಾಲ್ಕು ಗಂಟೆಯ ಇಡೀ ಕಡಲು
ಒಂದೇ ಏಟಿಗೆ ಒಳಗೆ.

ಸ್ಪ್ರಿಂಗಿನ ಕನ್ನಡಿ ಸಣ್ಣಗೆ ನಡುಗಿತು.
ಲಾರಿಯೇ ಇರಬೇಕು.
ಹುಡುಗ ಬಿಕ್ಕಿದ. ಇನ್ನೊಮ್ಮೆ ಬಿಕ್ಕಿದ.
ಆಮೇಲೆ, ಹನ್ನೆರಡು,
ಹದಿಮೂರು,
ಹದಿನಾಲ್ಕು.