ಅಲ್ಪವಿರಾಮ

ನಾಪೋಕ್ಲಿನ ಸ್ಕೂಲಿನ ಹಿಂದೆ, ಪೇರಳೆ ಮರದ ಬುಡದಲ್ಲಿ
ನಾವೊಂದು ಲೋಕ ಮಾಡಿದೆವು, ಎಂಟನೇ ಕ್ಲಾಸಿನ ವರ್ಷ.
ಹೆಸರು ಇರುಂಬಾಡಿ. ಸೂರ್ಯ ಎರಡು, ಒಂದು ಕುಂಟ.
ಹೊಳೆಗಳು ಮೇಲಕ್ಕೆ ಹರಿದು ಬೆಟ್ಟದ ತುದಿಯಲ್ಲಿ ಮುಗಿಯುತ್ತಿದ್ದವು.
ನಕ್ಷೆ ನನ್ನದು. ಯುದ್ಧಗಳು ಮೊಯ್ದುವಿನವು.
ಪ್ರಜೆಗಳೆಲ್ಲ ಬೊಳ್ಳಿಯೊಬ್ಬಳೇ.

ಲೋಕವೆಂದಮೇಲೆ ವೇದ ಬೇಡವೇ?
ನಮ್ಮ ಅಡುಗೆಮನೆಯಿಂದ ಕದ್ದ ಕಾಚಂಪುಳಿಯಲ್ಲಿ ಕಡ್ಡಿ ಅದ್ದಿ
ಕಾಫಿ ತೂಕದ ಹಳೇ ಲೆಕ್ಕದ ಪುಸ್ತಕದ ಕೊನೇ ಹಾಳೆಗೆ
ಮೊಯ್ದು ಎರಡೇ ಪದ ಬರೆದ:

ದೇವರೇ ಮರಳು

ಅಷ್ಟರಲ್ಲಿ ಬೆಲ್ಲು.

ಮಾರನೇ ದಿನಕ್ಕೆ ಇರುಂಬಾಡಿ ಎರಡು ಹೋಳು.
ಇದು ಮೊರೆ, ಎಂದೆ ನಾನು. ದೇವರು ಎಲ್ಲೋ ಹೋಗಿದ್ದಾನೆ,
ವಾಪಸು ಬಾ ಎನ್ನುತ್ತಿದೆ ವೇದ.
ನನ್ನವರು ಬಾಗಿಲಿಗೆ ಚಿಲಕ ಇಡಲಿಲ್ಲ,
ಊಟಕ್ಕೆ ಒಂದೆಲೆ ಹೆಚ್ಚಿಗೆ ಹಾಕಿದರು.
ಮರಳು ಅಂದರೆ ಮರಳೇ, ಎಂದ ಮೊಯ್ದು. ಹೊಳೆಯದ್ದು.
ಅವನ ಕಡೆಯವರು ಬರಿಗಾಲಲ್ಲಿ ನಡೆದು
ಬೆರಳಸಂದಿಯ ದೇವರನ್ನು ಕೊಡಹದೆ ಮಲಗಿದರು.
ಬರೆದವನಿಗೇನು ಗೊತ್ತು, ಎಂದೆ.

ನಲವತ್ತು ಸಾವಿರ ಜನ ಸತ್ತರು.
ಅಷ್ಟೂ ಬೊಳ್ಳಿಯೇ. ಬಿದ್ದೂ ಬಿದ್ದೂ
ಅವಳ ಲಂಗವೆಲ್ಲ ಹುಲ್ಲಿನ ಹಸಿರು.
ಒಮ್ಮೆ ಸತ್ತಲ್ಲಿಂದಲೇ ಕೇಳಿದಳು:
ನಾವು ಮರಳಲ್ಲಿ ಪಾತ್ರೆ ತಿಕ್ಕುತ್ತೇವಲ್ಲ, ಅದು ಪೂಜೆಯಾ?
ವೇದದಲ್ಲಿ ಅದಕ್ಕೆ ಜಾಗವಿಲ್ಲ
ಎಂದೆವು ಇಬ್ಬರೂ, ಒಂದೇ ಉಸಿರಿಗೆ.
ಆ ಯುದ್ಧದುದ್ದಕ್ಕೂ ನಾವು ಒಪ್ಪಿದ್ದು ಅದೊಂದನ್ನೇ.

ಮೂವತ್ತೊಂದು ವರ್ಷ.
ಮೊಯ್ದು ಈಗ ಟಿಪ್ಪರ್ ಓಡಿಸುತ್ತಾನೆ, ಮರಳಿನದ್ದೇ.
ಚೆರಿಯಪರಂಬಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಗಾಜಿಳಿಸಿ,
ಹೊಳೆಯನ್ನೇ ನೋಡುತ್ತ ಹೇಳಿದ:
ಅಲ್ಪವಿರಾಮ ಹಾಕಿದ್ದೆ ಕಣೇ ದೇಚು, ನಡುವೆ.
ನಿನಗೆ ಸೋಲಬಾರದೆಂದು ಇಲ್ಲವೆಂದೆ.

ಮನೆಗೆ ಬಂದು ಅಟ್ಟದಿಂದ ಪುಸ್ತಕ ಇಳಿಸಿದೆ.
ಕಾಚಂಪುಳಿಯ ಹುಳಿ ಸುಮ್ಮನಿರುತ್ತದೆಯೇ?
ಎರಡು ಪದಗಳ ನಡುವೆ ಕಾಗದ ತಿಂದು
ಸಾಸಿವೆಯಷ್ಟು ತೂತು.
ಬೆಳಕಿಗೆ ಹಿಡಿದೆ. ಅದರಾಚೆ ನಮ್ಮ ಅಂಗಳ,
ಒಣಗಲು ಹರವಿದ ಕರಿಮೆಣಸು, ಒಂದು ಕೋಳಿ.

ಸಂತೆಯಲ್ಲಿ ಬೊಳ್ಳಿ ಸಿಕ್ಕಳು, ಒಣಮೀನಿಗೆ ಚೌಕಾಸಿ ನಡೆಸಿದ್ದಳು.
ಅಲ್ಲೇ ನಿಂತು ಎಲ್ಲ ಹೇಳಿದೆ: ತೂತು, ಮೊಯ್ದು, ಅಲ್ಪವಿರಾಮ.
ಮೀನನ್ನು ಮೂಸಿ ಬುಟ್ಟಿಗೆ ಹಾಕಿದಳು.
ಅದಿರಲಿ, ಎಂದಳು,
ಆ ಕುಂಟ ಸೂರ್ಯ ಇತ್ತಲ್ಲ,
ಈಗ ನೆಟ್ಟಗೆ ನಡೀತದಾ?