ಕೊಸರು ಸುತ್ತು

ಪೆನ್ಷನ್ ಮೊಹಲ್ಲಾದ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ
ಜಬೀನಾ ಎಣಿಸುವಾಗ ಯಾರೂ ಮಾತಾಡಿಸುವಂತಿಲ್ಲ.
ಬಾಗಿಲಲ್ಲೇ ನಿಂತೆ, ಕೈಯಲ್ಲಿ ಲೆಕ್ಕದ ಚೀಟಿ.
ನೂರ ನಲವತ್ತೊಂದು, ನೂರ ನಲವತ್ತೆರಡು,
ತುಟಿ ಮಾತ್ರ ಅಲುಗುತ್ತಿತ್ತು, ತಾಮ್ರ ಹರಿಯುತ್ತಿತ್ತು.

"ವೋಲ್ಟಿಗೆ ನಾಲ್ಕು ಸುತ್ತು," ಅಂದಳು ಕೊನೆಗೆ, ಚೀಟಿ ನೋಡಿ.
"ಆರೂಕಾಲು, ಮೇಲೆ ಚೂರು. ಅಂದರೆ ಇಪ್ಪತ್ತೈದು. ದಪ್ಪ ತಂತಿ.
ನಾಲ್ಕು ಆಂಪಿಯರ್ ಅಂತೀರ, ಬರೀ ಬಿಸಿ ಮಾಡೋದಕ್ಕೆ?"
ಬರೀ ಬಿಸಿ ಮಾಡೋದಕ್ಕೆ.
"ಹಾಡೋದಕ್ಕಲ್ಲ?"
ಅಲ್ಲ. ಒಲೆ ಹಾಡಬಾರದು.

ಇಪ್ಪತ್ತೈದು ಸುತ್ತಿ, ನನ್ನ ಮುಖ ನೋಡಿ,
ಇನ್ನೊಂದು ಸುತ್ತಿದಳು. "ಕೊಸರು.
ಸಂಜೆ ನಿಮ್ಮ ಕರೆಂಟು ಇಳಿಯುತ್ತಲ್ಲ, ಅದಕ್ಕೆ."

ನಿಮ್ಮ ಕರೆಂಟು. ಹೌದು, ನನ್ನದೇ.
ಗಂಟೆಗೊಮ್ಮೆ ಸಬ್‌ಸ್ಟೇಷನ್ನಿನ ಪುಸ್ತಕದಲ್ಲಿ ಬರೆಯುವವನು ನಾನೇ,
ಅರವತ್ತಾರು ಸಾವಿರ ವೋಲ್ಟಿನ ಪಕ್ಕ ಕುರ್ಚಿ ಹಾಕಿಕೊಂಡು
ಹತ್ತೊಂಬತ್ತು ವರ್ಷ.
ಸುತ್ತಲ ಪಂಪುಗಳೆಲ್ಲ ಒಟ್ಟಿಗೆ ಬಾಯಿ ತೆರೆದಾಗ
ಮೀಟರಿನ ಮುಳ್ಳು ಕುಸಿಯುತ್ತದೆ;
ನಡುರಾತ್ರಿ ಅದೇ ಮುಳ್ಳು ಕೇಳುವವರಿಲ್ಲದೆ ಏರುತ್ತದೆ.
ಇದರ ನಡುವೆ, ಮಹಡಿ ಕೋಣೆಯಲ್ಲಿ,
ಒಂದು ಆರೂಕಾಲನ್ನು ಅಲುಗದಂತೆ ಇಡಬೇಕು ನಾನು.

ಇನ್ನು ಬಯಾಸು.
ಅದಕ್ಕೆ ಕೂದಲೆಳೆಯ ತಂತಿ ಸಾಕು, ನೂರ ಅರವತ್ತು ಸುತ್ತು.
ಡಯೋಡು ತಿರುಗುಮುರುಗು, ಕೆಪಾಸಿಟರಿನ ಪ್ಲಸ್ಸು ನೆಲಕ್ಕೆ;
ಕಲಿತದ್ದನ್ನೆಲ್ಲ ಉಲ್ಟಾ ಮಾಡಿದರೆ ಸರಿಹೋಗುವ ಜಾಗ.
ಮೊದಲ ಸಲ ಅಭ್ಯಾಸಬಲದಿಂದ ನೇರ ಹಾಕಿದೆ.
ಕೆಪಾಸಿಟರು ಪಟಾಕಿಯಾಯಿತು,
ಅದರ ಒಂದು ಚೂರು ಚಾವಣಿಗೆ ಅಂಟಿ
ಇನ್ನೂ ಅಲ್ಲೇ ಇದೆ.

ಮೈನಸ್ ಮೂವತ್ತಾರು:
ಏನೂ ಕೊಡದ, ಏನೂ ಬೇಡದ ವೋಲ್ಟು.
ಗ್ರಿಡ್ಡಿನ ಮುಂದೆ ನಿಂತು 'ಸಾಕು' ಅನ್ನುವುದಷ್ಟೇ ಕೆಲಸ.
ಅದು ಕಣ್ಣು ಮುಚ್ಚಿತೋ,
ವಾಲ್ವಿನ ತಗಡು ಕುಲುಮೆಯ ಹಾಗೆ ಕೆಂಪಾಗುತ್ತದೆ,
ಎರಡೂವರೆ ಸಾವಿರ ರೂಪಾಯಿ, ಗಾಜಿನೊಳಗೆ, ಸದ್ದಿಲ್ಲದೆ.
ಪಾಟಿನ ನಾಲಿಗೆ ಧೂಳಿಗೆ ಎದ್ದುಬಿಟ್ಟರೆ ಎಂದು
ಅದರಿಂದ ಮೈನಸ್ಸಿನ ತುದಿಗೆ ಒಂದು ರೆಸಿಸ್ಟರು ಕಟ್ಟಿದೆ.
ಕೈ ಜಾರಿದರೂ 'ಬೇಡ'ದ ಕಡೆಗೇ ಜಾರಲಿ.
(ಯಾರ್ಡಿನ ಬ್ರೇಕರುಗಳಿಗೂ ಇದೇ ಬುದ್ಧಿ.
ನನಗೆ ಬರಲಿಲ್ಲ. ಕಂಡವರ ಸಾಲಕ್ಕೆ
ಮೂರು ಸಲ ಜಾಮೀನು ಸಹಿ ಹಾಕಿದ್ದೇನೆ.)

ಮಂಗಳವಾರ ವಾರದ ರಜೆ. ಹೊತ್ತಿಸಿದೆ.
ನಾಲ್ಕು ಗಾಜಿನಲ್ಲಿ ನಾಲ್ಕು ಕೆಂಡ.
ಆಕಾಶವಾಣಿ ಹಾಸನ ಆಲೂಗಡ್ಡೆ ಧಾರಣೆ ಹೇಳಿತು;
ಕ್ವಿಂಟಾಲಿಗೆ ಇಷ್ಟು ಎನ್ನುವ ಆ ದನಿ
ಎಣ್ಣೆನೀರು ಹಾಕಿಕೊಂಡು ಬಂದ ಹಾಗಿತ್ತು.
ಬಾಕಿ ದುಡ್ಡಿಗೆ ಬಂದ ಜಬೀನಾ ಮೆಟ್ಟಿಲಲ್ಲೇ ನಿಂತಳು.
"ಗುಂಯ್ ಅಂತಿದೆ, ಶೇಷಣ್ಣ."
ಎಲ್ಲಿ?
"ಕೇಳಲ್ವಾ?"

ಕೇಳಲ್ಲ.
ಹತ್ತೊಂಬತ್ತು ವರ್ಷದ ಯಾರ್ಡು ಕಿವಿಯಲ್ಲೇ ಸಂಸಾರ ಹೂಡಿದೆ.
ಗುಂಯ್ ಇಲ್ಲದ್ದು ಹೇಗಿರುತ್ತದೋ ಮರೆತುಹೋಗಿದೆ.

ಆಮೇಲೆ ಅವಳು ಕಿವಿ, ನಾನು ಕೈ.
ಹೀಟರಿನ ಜೋಡಿ ತಂತಿಯನ್ನು ಬಿಗಿಯಾಗಿ ಹುರಿಮಾಡಿ
ಚಾಸಿಯ ಮೂಲೆಗೆ ಒತ್ತಿದೆ. "ಕಮ್ಮಿ."
ನೂರು ನೂರು ಓಮು, ಎರಡು ಕಡೆಯಿಂದ ನೆಲಕ್ಕೆ. "ಇನ್ನೂ ಕಮ್ಮಿ."
ಆ ನೆಲವನ್ನೇ ಬಿಚ್ಚಿ
ನಲವತ್ತು ವೋಲ್ಟು ಮೇಲೆತ್ತಿ ಕಟ್ಟಿದೆ.
ಅವಳು ಕೈ ಎತ್ತಿದಳು. ಬೀದಿಯಲ್ಲಿ ಆಟೋ ಒಂದು ಹೋಗುವ ತನಕ ಕಾದಳು.
"ಈಗಿಲ್ಲ."

ನನಗೆ ಮೊದಲೂ ಈಗಲೂ ಒಂದೇ.
ಮೀಟರು ಇಟ್ಟು ನೋಡಿದೆ: ಸಂಜೆ ಆರೂವರೆ, ಪಂಪುಗಳ ಹೊತ್ತು,
ಆರು ಪಾಯಿಂಟ್ ಮೂರಕ್ಕೆ ಕೂದಲಷ್ಟು ಕೆಳಗೆ.
ಬಾಕಿ ಕೊಟ್ಟೆ, ಮೇಲೊಂದು ಐವತ್ತರ ನೋಟು.
"ಇದ್ಯಾಕೆ?"
ಕೊಸರು.
ಎಣಿಸದೆ ಚೀಲಕ್ಕೆ ಹಾಕಿಕೊಂಡು ಇಳಿದುಹೋದಳು.

ಧಾರಣೆ ಮುಗಿದಿತ್ತು. ಸ್ವಿಚ್ಚು ಆರಿಸಿದ ಮೇಲೂ
ಸ್ವಲ್ಪ ಹೊತ್ತು ಕೆಂಪಗೇ ಇದ್ದವು.
ನಾಳೆಯಿಂದ ನನಗೆ ರಾತ್ರಿ ಪಾಳಿ.